ಹಳೆ ಕಾರಿನ ಸೀಟಿಗೆ ಹೊಸ ಜೀವ

ಹಳೆಯ ಕಾರಿನ ಮಾತು ಬಂದರೆ ಸಾಕು, ಎಲ್ಲರೂ ಎಂಜಿನ್ನಿನ ಬಗ್ಗೆಯೇ ಹೇಳುತ್ತಾರೆ. ಎಷ್ಟು ಸಿಸಿ, ಲೀಟರಿಗೆ ಎಷ್ಟು ಕಿಲೋಮೀಟರ್, ಚಾರ್ಮಾಡಿ ಘಾಟಿ ಹತ್ತುವಾಗ ಬಿಸಿಯಾಗುತ್ತದೋ ಇಲ್ಲವೋ ಎಂಬಲ್ಲಿಗೆ ಚರ್ಚೆ ಮುಗಿಯುತ್ತದೆ. ಆದರೆ ಕಾರು ಇಟ್ಟುಕೊಂಡವರು ಎಂಜಿನ್ನನ್ನು ಮುಟ್ಟುವುದು ವರ್ಷಕ್ಕೆ ಎಷ್ಟು ಬಾರಿ? ಪ್ರತಿದಿನ ಅವರ ಮೈಗೆ ತಾಗುವುದು ಸೀಟು. ಕಾರಿನಲ್ಲಿ ಮೊದಲು ಮುದಿಯಾಗುವುದೂ ಅದೇ, ಕೊನೆಗೆ ರಿಪೇರಿಯಾಗುವುದೂ ಅದೇ.

ಮೂಡುಬಿದಿರೆ ಸಮೀಪದ ತಂದೆಯೊಬ್ಬರು ಬರೆದ ಪತ್ರ ಈ ವಾರದ ಲೇಖನಕ್ಕೆ ಕಾರಣ. ಅವರ ಮನೆಯ ಶೆಡ್ಡಿನಲ್ಲಿ ಅವರ ತಂದೆಯವರ ಕಾಲದ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರೊಂದಿದೆ. ಡಿಪ್ಲೊಮಾ ಎರಡನೇ ವರ್ಷದಲ್ಲಿರುವ ಮಗ ಬಿ.ಸಿ.ರೋಡಿನ ಮೆಕ್ಯಾನಿಕ್ ಒಬ್ಬರ ಸಹಾಯದಿಂದ ಎಂಜಿನ್ ಸ್ಟಾರ್ಟ್ ಆಗುವಂತೆ ಮಾಡಿದ್ದಾನೆ. ಈಗ ಅವನಿಗೆ ಸೀಟಿನ ಹುಚ್ಚು. ಪೇಟೆಯ ಅಂಗಡಿಯೊಂದರಲ್ಲಿ ಚರ್ಮದ ಸೀಟಿಗೆ ಹೇಳಿದ ದರ ಅವನ ಒಂದು ವರ್ಷದ ಕಾಲೇಜು ಫೀಸಿಗೆ ಸಮ! ಅಜ್ಜನೋ, 'ಯಾರೂ ಸೀಟು ಮುಟ್ಟಬೇಡಿ, ಇದ್ದ ಹಾಗೆಯೇ ಇರಲಿ' ಎನ್ನುತ್ತಾರಂತೆ. ಆದರೆ ಅವರಿಗೇ ಆ ತಗ್ಗಿದ ಸೀಟಿನಿಂದ ಏಳಲು ಇಬ್ಬರು ಕೈ ಹಿಡಿಯಬೇಕು. 'ಮಗನನ್ನು ತಡೆಯಲೋ, ದುಡ್ಡು ಕೊಡಲೋ?' ಎಂಬುದು ತಂದೆಯ ಪ್ರಶ್ನೆ. ನನ್ನ ಉತ್ತರ ಎರಡೂ ಅಲ್ಲ. ಅದಕ್ಕೆ ಕಾರಣ ಹೇಳುತ್ತೇನೆ.

ಮೊದಲಿಗೆ ಒಂದು ವಿಷಯ. ಮಗ ಅದನ್ನು 'ಸ್ಪೋರ್ಟ್ಸ್ ಕಾರ್' ಎಂದು ಕರೆಯುತ್ತಾನೆಂದು ತಂದೆ ನಗೆಯಾಡಿದ್ದಾರೆ. ನಗಬೇಡಿ, ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. ಟ್ರಯಂಫ್ ಹೆರಾಲ್ಡ್ ಇಂಗ್ಲೆಂಡಿನಲ್ಲಿ 1959ರಲ್ಲಿ ಬಂತು. ಅದರ ಮೈಕಟ್ಟು ಬರೆದವರು ಇಟಲಿಯ ಜಿಯೊವಾನಿ ಮಿಕೆಲೊಟ್ಟಿ. 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ ಅದನ್ನು ಇಲ್ಲಿಯೇ ತಯಾರಿಸತೊಡಗಿತು. ಮೊದಲ ವರ್ಷಗಳ ಹೆರಾಲ್ಡಿಗೆ ಎರಡೇ ಬಾಗಿಲು. ಅದೇ ಹೆರಾಲ್ಡಿನ ಚಾಸಿಯನ್ನು ಗಿಡ್ಡ ಮಾಡಿ, ಮೇಲೆ ಮಿಕೆಲೊಟ್ಟಿಯವರದೇ ಇನ್ನೊಂದು ಮೈ ಕೂರಿಸಿ, ಟ್ರಯಂಫ್ 1962ರಲ್ಲಿ ಹೊರತಂದದ್ದು 'ಸ್ಪಿಟ್‌ಫೈರ್' ಎಂಬ ಹೆಸರಾಂತ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು. ಅಂದರೆ ಶೆಡ್ಡಿನಲ್ಲಿರುವುದು ಆ ಸ್ಪೋರ್ಟ್ಸ್ ಕಾರಿನ ಅಣ್ಣ! ಮುಂದೆ ಎರಡು ಬಿಡಿ ಸೀಟು, ನೆಲಕ್ಕೆ ಹತ್ತಿರ ಕೂರುವುದು, ಕಾಲು ಮುಂದಕ್ಕೆ ಚಾಚುವುದು, ಸೀಟಿನೊಳಗೆ ರಬ್ಬರ್ ಆಧಾರ — ಆ ಕಾಲದ ಬ್ರಿಟಿಷ್ ಸಣ್ಣ ಕಾರುಗಳಿಗೂ ಸ್ಪೋರ್ಟ್ಸ್ ಕಾರುಗಳಿಗೂ ಇವೆಲ್ಲ ಸಾಮಾನ್ಯ. ಆದ್ದರಿಂದ ಹೆರಾಲ್ಡಿನ ಸೀಟು ಕಲಿತವನಿಗೆ ಎಂಜಿ, ಸ್ಪಿಟ್‌ಫೈರ್‌ಗಳ ಸೀಟು ಪರಕೀಯವಲ್ಲ.

ಇನ್ನು ಚರ್ಮದ ಮಾತು. ಸ್ವಾರಸ್ಯವೆಂದರೆ ಹೆರಾಲ್ಡ್ ಮಧ್ಯಮ ವರ್ಗದವರಿಗೆಂದು ಮಾಡಿದ ಕಾರು, ಅದರ ಸೀಟು ರೆಕ್ಸಿನ್‌ನದ್ದು. ಅದಕ್ಕೆ ಈಗ ಚರ್ಮ ಹೊದಿಸುವುದೆಂದರೆ ಮೂಗಿಗಿಂತ ಮೂಗುತಿ ಭಾರ. ದುಡ್ಡೂ ಹೋಯಿತು, ಕಾರಿನ ಮೂಲ ರೂಪವೂ ಹೋಯಿತು. 'ರೆಕ್ಸಿನ್' ಎಂದರೆ ಕಳಪೆ ಎಂಬ ಭಾವನೆ ನಮ್ಮಲ್ಲಿ ಹೇಗೋ ಬಂದುಬಿಟ್ಟಿದೆ. ಅದು ಮೂಲತಃ ಬ್ರಿಟನ್ನಿನ ಕಂಪನಿಯೊಂದರ ವ್ಯಾಪಾರನಾಮ. ಬಟ್ಟೆಯ ಮೇಲೆ ಲೇಪ ಕೊಟ್ಟು ಚರ್ಮದಂತೆ ಕಾಣಿಸುವ ವಸ್ತು ಅದು. ಕಂಪನಿಯ ಹೆಸರು ಅಲ್ಲಿ ಮರೆತುಹೋದರೂ ನಮ್ಮಲ್ಲಿ ವಸ್ತುವಿನ ಹೆಸರೇ ಆಗಿ ಉಳಿಯಿತು. ಈಗ ಅಂಗಡಿಯಲ್ಲಿ ಸಿಗುವ ರೆಕ್ಸಿನ್ ಬಟ್ಟೆಯ ಬೆನ್ನಿಗೆ ಪಿವಿಸಿ ಲೇಪಿಸಿದ್ದು.

ಕೆಲಸಕ್ಕೆ ಕೈ ಹಾಕುವ ಮೊದಲು ಹುಡುಗ ಒಂದು ಭಾನುವಾರ ಧರ್ಮಸ್ಥಳಕ್ಕೆ ಹೋಗಿ ಬರಲಿ. ಬೆಳ್ತಂಗಡಿ ತಾಲೂಕಿನವರಿಗೆ ಕೈಗೆಟಕುವ ದೂರದಲ್ಲೇ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ಹಳೆಯ ಕಾರುಗಳ ಸಂಗ್ರಹಾಲಯವಿದೆ. ದೇವಸ್ಥಾನಕ್ಕೆ ಹತ್ತಾರು ಸಲ ಹೋದವರಲ್ಲೂ ಅದರೊಳಗೆ ಕಾಲಿಡದವರು ಬೇಕಾದಷ್ಟಿದ್ದಾರೆ. ಹೋದವರೂ ಕಾರಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರೆ. ಅದಲ್ಲ ನೋಡಬೇಕಾದ್ದು. ಕೈ ಹಿಂದೆ ಕಟ್ಟಿಕೊಂಡು ಕಿಟಕಿಯಿಂದ ಒಳಗೆ ಇಣುಕಬೇಕು. ಸೀಟಿನ ಹೊಲಿಗೆ ನೇರವಾಗಿದೆಯೇ, ಪಟ್ಟಿ ಪಟ್ಟಿಯಾಗಿ ಉಬ್ಬಿಸಿ ಹೊಲಿದದ್ದು ಎಷ್ಟು ಅಗಲಕ್ಕೆ, ಅಂಚಿನ ಪೈಪಿಂಗ್ ಯಾವ ಬಣ್ಣದ್ದು, ಸವೆತ ಎಲ್ಲಿ ಹೆಚ್ಚು ಎಂದು ಗಮನಿಸಬೇಕು. ಹಳೆಯ ವಸ್ತುಗಳನ್ನು ಕಾಪಾಡುವವರಲ್ಲಿ ಒಂದು ಒಳ್ಳೆಯ ರೂಢಿಯಿದೆ: ಮಾಡಿದ್ದನ್ನು ನಾಳೆ ಬಿಚ್ಚಿ ಮೊದಲಿನಂತೆ ಮಾಡಲು ಬರಬೇಕು, ಮೂಲದ ತುಂಡನ್ನು ಎಸೆಯಬಾರದು. 'ಮುಟ್ಟಬೇಡಿ' ಎನ್ನುವ ಅಜ್ಜನ ಮಾತಿಗೂ ಈ ರೂಢಿಗೂ ಹೆಚ್ಚು ಅಂತರವಿಲ್ಲ.

ಈಗ ಸೀಟಿಗೆ ಬರೋಣ. ಹೊರಗಿನಿಂದ ನೋಡಿ 'ಕವರ್ ಹಾಳಾಗಿದೆ' ಎನ್ನುವವರೇ ಹೆಚ್ಚು. ಸೀಟೆಂದರೆ ನಾಲ್ಕು ಅಂತಸ್ತು. ಕೆಳಗೆ ಕಬ್ಬಿಣದ ಚೌಕಟ್ಟು. ಅದರ ಮೇಲೆ ಭಾರ ಹೊರುವ ಸ್ಪ್ರಿಂಗ್ ಅಥವಾ ರಬ್ಬರ್ ಪಟ್ಟಿ. ಅದರ ಮೇಲೆ ಮೆತ್ತೆ. ಎಲ್ಲಕ್ಕಿಂತ ಮೇಲೆ ಹೊದಿಕೆ. ಕುಳಿತವರು ಕೆಳಗೆ ಹೂತುಹೋಗುವುದು ಹೆಚ್ಚಿನ ಸಲ ಎರಡನೇ ಅಂತಸ್ತಿನ ದೋಷದಿಂದ. ರಬ್ಬರ್ ಪಟ್ಟಿ ಜೋತು ಬಿದ್ದರೆ ಮೇಲಿನ ಮೆತ್ತೆ ಮಡಚಿಕೊಳ್ಳುತ್ತದೆ, ಮೆತ್ತೆ ಮಡಚಿದರೆ ಹೊದಿಕೆಯ ಹೊಲಿಗೆ ಎಳೆದು ಬಿಚ್ಚುತ್ತದೆ. ಆಗ ನಾವು ಹೊದಿಕೆ ಬದಲಿಸುತ್ತೇವೆ! ಆರು ತಿಂಗಳಲ್ಲಿ ಹೊಸ ಹೊದಿಕೆಗೂ ಅದೇ ಗತಿ. ಪೇಟೆಯವರು ಹೇಳಿದ ದರದಲ್ಲಿ ಸೀಟಿನ ಅಡಿಯ ಪಟ್ಟಿಯ ಬಗ್ಗೆ ಒಂದು ಮಾತಾದರೂ ಇತ್ತೇ ಎಂದು ಈ ತಂದೆ ಕೇಳಿ ನೋಡಬೇಕು.

ಪರೀಕ್ಷೆ ಸುಲಭ. ಸೀಟನ್ನು ನೆಲಕ್ಕೆ ಬಿಗಿದ ಬೋಲ್ಟು ಬಿಚ್ಚಿ (ತುಕ್ಕು ಹಿಡಿದಿದ್ದರೆ ಹಿಂದಿನ ದಿನವೇ ಎಣ್ಣೆ ಬಿಟ್ಟಿರಬೇಕು, ಬಲಪ್ರಯೋಗ ಬೇಡ) ಹೊರಗೆ ತಂದು ಮಗುಚಿ ಹಾಕಿ. ಪಟ್ಟಿ ಹರಿದಿದೆಯೋ, ಕೊಕ್ಕೆ ಕಳಚಿದೆಯೋ, ಸ್ಪ್ರಿಂಗ್ ತುಂಡಾಗಿದೆಯೋ ಕಾಣುತ್ತದೆ. ಬಿಚ್ಚುವಾಗ ಹಂತ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಮಕ್ಕಳ ಕೈಯಲ್ಲಿ ಮೊಬೈಲು ಇದ್ದದ್ದಕ್ಕೂ ಒಂದು ಉಪಯೋಗವಾಗಲಿ. ಬೋಲ್ಟು, ವಾಷರ್‌ಗಳನ್ನು ಖಾಲಿ ಡಬ್ಬಿಗಳಲ್ಲಿ ಹಾಕಿ ಚೀಟಿ ಅಂಟಿಸಿ. ಚೌಕಟ್ಟಿನ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ ರೆಡ್ ಆಕ್ಸೈಡ್ ಬಳಿದರೆ ಸಾಕು, ಇದಕ್ಕೆ ಯಾರ ಸಹಾಯವೂ ಬೇಡ. ಬಿರುಕು ಬಿಟ್ಟಿದ್ದರೆ ಮಾತ್ರ ವೆಲ್ಡಿಂಗ್‌ನವರ ಬಳಿಗೆ ಒಯ್ಯಿರಿ. ಹೆರಾಲ್ಡಿನ ಮುಂದಿನ ಸೀಟು ಹಿಂದಿನವರು ಹತ್ತಲೆಂದು ಮುಂದಕ್ಕೆ ಬಾಗುವಂಥದ್ದು. ಆದ್ದರಿಂದ ಕೀಲುಗಳನ್ನೂ ನೋಡಿಕೊಳ್ಳಬೇಕು.

ಸಡಿಲಾದ ಪಟ್ಟಿಯ ಜಾಗಕ್ಕೆ ಹಳೆಯ ಟ್ಯೂಬು ಕತ್ತರಿಸಿ ಬಿಗಿಯುವುದು ನಮ್ಮಲ್ಲಿ ರೂಢಿ. ಮನೆಯ ಕುರ್ಚಿಗೆ ಅದು ಅಡ್ಡಿಯಿಲ್ಲ. ಕಾರಿಗೆ ನಾನು ಒಪ್ಪುವುದಿಲ್ಲ. ಬರೀ ಟ್ಯೂಬು ದಿನ ಕಳೆದಂತೆ ಎಳೆದುಕೊಂಡೇ ಹೋಗುತ್ತದೆ, ಕೊಕ್ಕೆ ಸಿಕ್ಕಿಸಿದಲ್ಲಿ ಹರಿಯುತ್ತದೆ. ಒಳಗೆ ನೂಲಿನ ಹೆಣಿಗೆಯಿರುವ ಪಟ್ಟಿಯೇ ಬೇಕು. ಸೋಫಾ ಕೆಲಸದ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ, ಸಿಗದಿದ್ದರೆ ಮಂಗಳೂರಿನಿಂದ ತರಿಸಬಹುದು. ಇಡೀ ಕೆಲಸದಲ್ಲಿ ಇದು ಅಗ್ಗದ ಭಾಗ, ಆದರೆ ಅಜ್ಜನ ಸೊಂಟಕ್ಕೆ ಅತ್ಯಂತ ಮುಖ್ಯವಾದ ಭಾಗ. ಸ್ಪ್ರಿಂಗ್ ಸೀಟಾದರೆ ಸ್ಪ್ರಿಂಗಿಗೂ ಮೆತ್ತೆಗೂ ನಡುವೆ ಗೋಣಿ ಹಾಸಿರುತ್ತಾರೆ. ಅದು ಹರಿದರೆ ತಂತಿ ಮೆತ್ತೆಯನ್ನು ಕತ್ತರಿಸಿಬಿಡುತ್ತದೆ. ಹೊಸ ಗೋಣಿ ತುಂಡು, ಸುತಳಿ, ಒಂದು ದಬ್ಬಣ — ಅಡಿಕೆ ಬೆಳೆಯುವವರ ಮನೆಯಲ್ಲಿ ಇವಕ್ಕೇನು ಬರ?

ಮೆತ್ತೆಯದ್ದು ನಮ್ಮ ಊರಿಗೆ ಹತ್ತಿರದ ಕಥೆ. ಮೊದಲು ಕಾರಿನ ಸೀಟಿಗೆ ತುಂಬುತ್ತಿದ್ದುದು ಕುದುರೆಯ ಕೂದಲು, ತೆಂಗಿನ ನಾರು, ಹತ್ತಿ. 1929ರಲ್ಲಿ ಬ್ರಿಟನ್ನಿನ ಡನ್‌ಲಪ್ ಕಂಪನಿಯ ಪ್ರಯೋಗಾಲಯದಲ್ಲಿ ರಬ್ಬರ್ ಹಾಲನ್ನು ನೊರೆ ಬರುವಂತೆ ಕಡೆದು, ಆ ನೊರೆಯನ್ನೇ ಗಟ್ಟಿ ಮಾಡಿದರು. ರಬ್ಬರ್ ಫೋಮ್ ಹುಟ್ಟಿದ್ದು ಹಾಗೆ. ಉಜಿರೆ, ಬೆಳ್ತಂಗಡಿ ಕಡೆಯ ಮಕ್ಕಳು ಬೆಳಗ್ಗೆ ತೋಟದಲ್ಲಿ ಚಿಪ್ಪಿಗೆ ತೊಟ್ಟಿಕ್ಕುವುದನ್ನು ನೋಡುತ್ತಾರಲ್ಲ, ಅದೇ ಹಾಲು! 1937ರಲ್ಲಿ ಜರ್ಮನಿಯ ಒಟ್ಟೊ ಬಾಯರ್ ಪಾಲಿಯುರೆಥೇನ್ ರಸಾಯನಕ್ಕೆ ದಾರಿ ತೆರೆದರು. ಈಗ ಅಂಗಡಿಯಲ್ಲಿ ನಾವು 'ಸ್ಪಂಜು' ಎಂದು ಕೇಳಿ ತರುವುದು ಹೆಚ್ಚಾಗಿ ಈ ಜಾತಿಯದ್ದು. ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಒತ್ತಿ ಮಾಡಿದ ಮೆತ್ತೆಯೂ ಇದೆ. ಹಾಸಿಗೆ ಅಂಗಡಿಯವರನ್ನು ಕೇಳಿ, ಗೊತ್ತಿರುತ್ತದೆ. ಗಾಳಿಯಾಡುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ, ನಮ್ಮ ಸೆಕೆಗೆ ಹೇಳಿ ಮಾಡಿಸಿದ್ದು.

ಫೋಮ್ ಕೊಳ್ಳುವಾಗ ದಪ್ಪ ಮಾತ್ರ ನೋಡಿ ಮೋಸ ಹೋಗುವವರಿದ್ದಾರೆ. ಕೇಳಬೇಕಾದ್ದು 'ಡೆನ್ಸಿಟಿ' — ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬ ಲೆಕ್ಕ. ಕೂರುವ ಭಾಗಕ್ಕೆ 40ರದ್ದು, ಬೆನ್ನಿಗೆ 32ರದ್ದು ಇದ್ದರೆ ಒಳ್ಳೆಯದು. ಹಗುರ ಫೋಮ್ ಅಂಗಡಿಯಲ್ಲಿ ಒತ್ತಿದಾಗ ಮೆತ್ತಗೆ ಹಿತವಾಗಿರುತ್ತದೆ, ಒಂದು ಮಳೆಗಾಲ ಕಳೆಯುವುದರಲ್ಲಿ ರೊಟ್ಟಿಯಾಗುತ್ತದೆ. ಅತಿ ದಪ್ಪ ಹಾಕುವುದೂ ತಪ್ಪು. ಸ್ಪೋರ್ಟ್ಸ್ ಕಾರುಗಳ ಮಾಡು ತಗ್ಗು. ಎರಡು ಇಂಚು ಎತ್ತರಿಸಿದರೆ ತಲೆ ಮೇಲೆ ತಾಗುತ್ತದೆ, ಕಾಲಿಗೂ ಬ್ರೇಕಿಗೂ ಇದ್ದ ಅಳತೆ ಕೆಡುತ್ತದೆ. ಹಳೆಯ ಮೆತ್ತೆ ಪುಡಿಯಾಗದೆ ಬರೀ ತಗ್ಗಿದ್ದರೆ ಅದನ್ನು ತೆಗೆಯಲೇಬೇಡಿ. ಅದರ ಮೇಲೆ ಅರ್ಧ ಇಂಚಿನ ಫೋಮ್ ಹಾಳೆಯನ್ನು ರಬ್ಬರ್ ಅಂಟಿನಿಂದ ಕೂರಿಸಿ, ಹಳೆಯ ಹೊದಿಕೆಯನ್ನೇ ಮತ್ತೆ ಏರಿಸಿ. ಜೋತುಬಿದ್ದ ಹೊದಿಕೆಯ ಸುಕ್ಕು ಅರ್ಧಕ್ಕರ್ಧ ಮಾಯ! ಏರಿಸುವ ಮೊದಲು ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಹೊದಿಕೆ ಜಾರಿಕೊಂಡು ಕೂರುತ್ತದೆ, ಇದು ಕೆಲಸಗಾರರ ಗುಟ್ಟು. ಅಂಟು ಹಚ್ಚುವ ಕೆಲಸ ಮಾತ್ರ ಜಗಲಿಯಲ್ಲಿ, ಗಾಳಿಯಲ್ಲಿ ನಡೆಯಲಿ. ಅದರ ಆವಿ ತಲೆಗೇರುತ್ತದೆ, ಬೆಂಕಿಗೂ ಬೇಗ ಹತ್ತುತ್ತದೆ. ಮುಚ್ಚಿದ ಕೋಣೆ ಬೇಡ, ಹತ್ತಿರ ದೀಪ, ಊದುಬತ್ತಿ ಬೇಡ.

ನೀರಿನಲ್ಲಿ ಮುಳುಗಿದ ಸೀಟಿನ ಮಾತು ಬೇರೆ. 2019ರ ಆಗಸ್ಟಿನ ನೆರೆ ಚಾರ್ಮಾಡಿ ಬದಿಯಲ್ಲಿ ಏನು ಮಾಡಿತೆಂದು ಬೆಳ್ತಂಗಡಿಯವರಿಗೆ ಹೇಳಬೇಕಾಗಿಲ್ಲ, ಬಂಟ್ವಾಳದವರು 1974ರ ನೆರೆಯನ್ನು ಈಗಲೂ ನೆನೆಸುತ್ತಾರೆ. ನೇತ್ರಾವತಿಯ ಕೆಸರು ಕುಡಿದ ಫೋಮನ್ನು ಒಣಗಿಸಿ ಉಳಿಸುತ್ತೇನೆನ್ನುವುದು ಭ್ರಮೆ. ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಸಿಯಿರುತ್ತದೆ, ವಾಸನೆ, ಬೂಷ್ಟು, ಚೌಕಟ್ಟಿಗೆ ತುಕ್ಕು. ಹೊದಿಕೆಯನ್ನು ಮಾತ್ರ ತೊಳೆದು ಉಳಿಸಿ, ಮೆತ್ತೆ ಎಸೆಯಿರಿ.

ಇನ್ನು ಹೊದಿಕೆ. ಅಗ್ಗದ ಉಪಾಯ ಒಂದು ಬಕೆಟ್ ಉಗುರುಬೆಚ್ಚನೆಯ ನೀರು, ನಾಲ್ಕು ಹನಿ ಸೋಪಿನ ದ್ರವ, ಹಳೆಯ ಹಲ್ಲುಜ್ಜುವ ಬ್ರಷ್, ಒಂದು ಬೈರಾಸು. ಐವತ್ತು ವರ್ಷಗಳ ಬೆವರು, ಧೂಳು ಹೋದಾಗ ರೆಕ್ಸಿನ್‌ನ ನಿಜ ಬಣ್ಣ ಕಂಡು ಮನೆಯವರೇ ಬೆರಗಾಗುತ್ತಾರೆ. ನೀರು ಸುರಿಯಬಾರದು, ಒರೆಸಬೇಕು, ಫ್ಯಾನಿನ ಗಾಳಿಗೆ ಒಣಗಿಸಬೇಕು. ಪೆಟ್ರೋಲ್, ಥಿನ್ನರ್, ಸೀಮೆಎಣ್ಣೆ ದೂರವಿರಲಿ. ಮತ್ತು ಮಾರಾಯ್ರೇ, ದಯವಿಟ್ಟು ತೆಂಗಿನೆಣ್ಣೆ ಹಚ್ಚಬೇಡಿ! ಕರಾವಳಿಯಲ್ಲಿ ತಲೆಗೆ, ಮೈಗೆ, ಬೀಗಕ್ಕೆ, ಸೈಕಲ್ ಚೈನಿಗೆ ಎಲ್ಲಕ್ಕೂ ಅದೇ ಮದ್ದು. ರೆಕ್ಸಿನ್ ಗಡುಸಾಗುವುದು ಅದರೊಳಗಿನ ಮೆದುಗೊಳಿಸುವ ದ್ರವ್ಯ ಬಿಸಿಲಿಗೆ, ಕಾಲಕ್ಕೆ ಹೊರಟುಹೋಗುವುದರಿಂದ. ಎಣ್ಣೆ ಅದನ್ನು ಹಿಂದಕ್ಕೆ ತಂದುಕೊಡುವುದಿಲ್ಲ. ನಾಲ್ಕು ದಿನ ಹೊಳೆಯುತ್ತದೆ, ಆಮೇಲೆ ಧೂಳು ಕಚ್ಚುತ್ತದೆ, ಕಮಟು ನಾತ, ಅಂಗಿಗೆ ಕಲೆ. ಚರ್ಮದ ಸೀಟಿಗೂ ಇದೇ ಮಾತು. ಅದಕ್ಕೆಂದೇ ಮಾಡಿದ ಕ್ರೀಮನ್ನು ತೆಳುವಾಗಿ ಹಚ್ಚಿದರೆ ಸಾಕು.

ಹೊಲಿಗೆ ಬಿಟ್ಟ ಮಾತ್ರಕ್ಕೆ ಹೊದಿಕೆ ಹಾಳಾಗಿದೆಯೆಂದಲ್ಲ. ಹಳೆಯ ನೂಲು ಕುಂಬಾಗಿರುತ್ತದೆ, ರೆಕ್ಸಿನ್ ಗಟ್ಟಿಯಿರುತ್ತದೆ. ಹಳೆಯ ತೂತುಗಳಲ್ಲೇ ಬಾಗಿದ ಸೂಜಿಯಿಂದ ಪಾಲಿಯೆಸ್ಟರ್ ದಾರ ಪೋಣಿಸಿ ಕೈಯಲ್ಲೇ ಹೊಲಿಯಬಹುದು. ನಿಧಾನದ ಕೆಲಸ, ಒಂದು ಸಂಜೆಗೆ ಒಂದು ಗೇಣು ಆದರೂ ಆಯಿತು. ಬಲಗಡೆ ಸ್ಟೀರಿಂಗ್ ಇರುವ ನಮ್ಮ ಕಾರುಗಳಲ್ಲಿ ಮೊದಲು ಹರಿಯುವುದು ಚಾಲಕನ ಸೀಟಿನ ಬಲ ಅಂಚು, ಹತ್ತಿ ಇಳಿಯುವಾಗ ತೊಡೆ ಉಜ್ಜುವ ಜಾಗ. ಅದೊಂದು ತುಂಡನ್ನು ಮಾತ್ರ ಬದಲಿಸಿದರೆ ಸಾಕು. ಬಣ್ಣ ಹೊಂದುವ ರೆಕ್ಸಿನ್ ಎಲ್ಲಿಂದ ತರಲಿ ಎನ್ನುವಿರಾ? ಹಿಂದಿನ ಸೀಟಿನ ಅಡಿಗೆ ಮಡಚಿ ಸಿಕ್ಕಿಸಿದ, ಯಾರ ಕಣ್ಣಿಗೂ ಬೀಳದ ಭಾಗವಿದೆ. ಅಲ್ಲಿ ಬೇರೆ ಬಟ್ಟೆ ಜೋಡಿಸಿ, ಆ ತುಂಡನ್ನು ಮುಂದಕ್ಕೆ ತನ್ನಿ. ಅದೇ ಕಾರಖಾನೆ, ಅದೇ ಬಣ್ಣ, ಅದೇ ವಯಸ್ಸು.

ಇಡೀ ಹೊದಿಕೆ ಹೊಸದೇ ಆಗಬೇಕೆಂದಾಗ ಮಾತ್ರ ಕುಷನ್ ವರ್ಕ್ಸ್ ಅಂಗಡಿಗೆ ಹೋಗಬೇಕು. ಖಾಸಗಿ ಬಸ್ಸುಗಳ ಈ ಜಿಲ್ಲೆಯಲ್ಲಿ ಈ ಬೋರ್ಡಿಗೆ ಕೊರತೆಯಿಲ್ಲ. ಬಸ್ಸು, ರಿಕ್ಷಾ, ಜೀಪುಗಳ ಸೀಟು ಹೊಲಿದು ಹೊಲಿದು ಅವರ ಕೈ ಪಳಗಿರುತ್ತದೆ. ಅವರಿಗೆ ಹಳೆಯ ಕಾರಿನ ಕೆಲಸ ಗೊತ್ತಿಲ್ಲವೆಂದು ನಗರಕ್ಕೆ ಓಡುವುದು ಅನ್ಯಾಯ. ಗೊತ್ತಿಲ್ಲದ್ದು ನಮೂನೆ ಮಾತ್ರ, ಅದನ್ನು ನೀವು ಕೊಡಿ. ಹಳೆಯ ಹೊದಿಕೆಯನ್ನು ಮನೆಯಲ್ಲೇ ಬಿಚ್ಚಿ (ಬಿಚ್ಚುವ ಮೊದಲು ಒಂದು ಗಂಟೆ ಬಿಸಿಲಿಗಿಟ್ಟರೆ ಗಡುಸು ರೆಕ್ಸಿನ್ ಮೆದುವಾಗಿ ಹರಿಯದೆ ಬರುತ್ತದೆ), ಪ್ರತಿ ತುಂಡಿಗೂ ನಂಬರು ಹಾಕಿ, ಒಂದರ ಅಂಚು ಇನ್ನೊಂದಕ್ಕೆ ಕೂಡುವಲ್ಲಿ ಚಾಕ್‌ನಿಂದ ಗುರುತು ಮಾಡಿ, ಹಳೆಯ ಪತ್ರಿಕೆಯ ಮೇಲಿಟ್ಟು ನಕಲು ತೆಗೆಯಿರಿ. ರೆಕ್ಸಿನ್ ಮೀಟರ್ ಲೆಕ್ಕದಲ್ಲಿ, ಸಾಮಾನ್ಯವಾಗಿ 54 ಇಂಚು ಅಗಲದಲ್ಲಿ ಸಿಗುತ್ತದೆ. ಕಾಗದದ ತುಂಡುಗಳನ್ನು ನೆಲದ ಮೇಲೆ ಆ ಅಗಲಕ್ಕೆ ಹರಡಿ ನೋಡಿದರೆ ಎಷ್ಟು ಮೀಟರ್ ಬೇಕೆಂದು ನಿಮಗೇ ತಿಳಿಯುತ್ತದೆ. ಗಣಿತ ಬೋಧಿಸುವವರಿಗೆ ಇದಕ್ಕಿಂತ ಒಳ್ಳೆಯ ಕ್ಷೇತ್ರಫಲದ ಪಾಠ ಬೇಕೇ! ಹೀಗೆ ತಯಾರಾಗಿ ಹೋದರೆ ಅಂಗಡಿಯವರಿಗೆ ಉಳಿಯುವುದು ಹೊಲಿಗೆ ಮಾತ್ರ, ಮಜೂರಿಯೂ ಅಷ್ಟಕ್ಕೇ. ಮನೆಯ ಹೊಲಿಗೆ ಯಂತ್ರಕ್ಕೆ ನಾಲ್ಕು ಪದರ ರೆಕ್ಸಿನ್ ಕೊಟ್ಟು ಅಮ್ಮನ ಸಿಟ್ಟಿಗೆ ಗುರಿಯಾಗಬೇಡಿ. ಹೊಲಿಗೆ ತೀರಾ ಒತ್ತೊತ್ತಾಗಿಯೂ ಇರಬಾರದೆಂದು ಹೇಳಿ. ಒತ್ತಾದ ತೂತುಗಳ ಸಾಲಿನಲ್ಲಿ ರೆಕ್ಸಿನ್ ಅಂಚೆಚೀಟಿಯ ಹಾಳೆಯಂತೆ ಹರಿದು ಬರುತ್ತದೆ.

ಕಾನೂನಿನ ಮಾತೂ ಸ್ವಲ್ಪ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ಮಾಡಿತು. 50 ವರ್ಷ ದಾಟಿ, ಮೂಲ ರೂಪದಲ್ಲಿ ಉಳಿದಿರಬೇಕು, ಚಾಸಿ, ಮೈ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಇರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ಎಂದು ಆಗ ನಿಗದಿ ಮಾಡಿದರು. ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ್‍ಯಾಲಿ, ದುರಸ್ತಿಯಂಥ ಕೆಲಸಗಳಿಗೆ ರಸ್ತೆಗಿಳಿಸಬಹುದೇ ಹೊರತು ದಿನಬಳಕೆಗಲ್ಲ. ಸೀಟಿನ ಹೊದಿಕೆ ಬದಲಿಸಿದ್ದಕ್ಕೆ ಯಾರೂ ಕಾರನ್ನು ತಿರಸ್ಕರಿಸಲಾರರು. ಆದರೆ ಹೊಸ ಕಾರಿನ ಬಕೆಟ್ ಸೀಟು ತಂದು ಕೂರಿಸಲೆಂದು ನೆಲ ಕೊರೆದು, ಬ್ರಾಕೆಟ್ ವೆಲ್ಡ್ ಮಾಡಿಸಿದರೆ ಅಂದವೂ ಕೆಟ್ಟಿತು, ಅಪಘಾತದಲ್ಲಿ ಸೀಟು ಕಿತ್ತುಬರುವ ಅಪಾಯವೂ ಬಂತು. ಬೆಲ್ಟ್ ಹಾಕಿಸುವುದಿದ್ದರೆ ಅದರ ಕೊಂಡಿ ಸೀಟಿಗಲ್ಲ, ಕಾರಿನ ಗಟ್ಟಿ ಮೈಗೆ ಬಿಗಿಯಬೇಕು, ಅದು ತಿಳಿದವರಿಂದಲೇ ಆಗಬೇಕು. ಮನೆಯಲ್ಲಿ ಹೊಸ ಕಾರೂ ಇದ್ದವರಿಗೆ ಇನ್ನೊಂದು ಮಾತು: ಈಗಿನ ಹಲವು ಕಾರುಗಳಲ್ಲಿ ಸೀಟಿನ ಪಕ್ಕದಲ್ಲೇ ಏರ್‌ಬ್ಯಾಗ್ ಅಡಗಿರುತ್ತದೆ. ಅಂಥ ಸೀಟಿಗೆ ಬಿಗಿ ಕವರ್ ತೊಡಿಸಿದರೆ ಅದು ಬಿಚ್ಚಿಕೊಳ್ಳಲು ತೊಡಕಾಗಬಹುದು. ಹಳೆ ಕಾರಿನ ಪ್ರಯೋಗ ಅಲ್ಲಿ ಬೇಡ.

ತಂದೆಯವರೇ, ಮಗನನ್ನು ತಡೆಯಬೇಡಿ, ಕೇಳಿದಷ್ಟು ದುಡ್ಡನ್ನೂ ಕೊಡಬೇಡಿ. ಪರೀಕ್ಷೆ ಮುಗಿದ ಮೇಲೆ ಒಂದೇ ಒಂದು ಸೀಟು, ಅದೂ ಚಾಲಕನದ್ದಲ್ಲದ ಎಡಗಡೆಯದ್ದು, ಬಿಚ್ಚಲಿ. ಅದಕ್ಕೆ ಪಟ್ಟಿ, ಗೋಣಿ, ಅರ್ಧ ಇಂಚು ಫೋಮ್, ದಾರ ಇಷ್ಟಕ್ಕೆ ಮಾತ್ರ ಹಣ ಕೊಡಿ, ಪೈಸೆ ಪೈಸೆಗೂ ಪುಸ್ತಕದಲ್ಲಿ ಲೆಕ್ಕ ಬರೆಯಲಿ. ಆ ಸೀಟಿನಿಂದ ಅಜ್ಜ ಯಾರ ಕೈಯನ್ನೂ ಹಿಡಿಯದೆ ಎದ್ದರೆ ಎರಡನೆಯದಕ್ಕೆ ಒಪ್ಪಿಗೆ ಅವರೇ ಕೊಡುತ್ತಾರೆ. ಏಳದಿದ್ದರೆ ಮೊದಲನೆಯದನ್ನೇ ಇನ್ನೊಮ್ಮೆ ಬಿಚ್ಚಲಿ. ಮಗನಿಗೆ ಹಾಳಾಗುವ ಸಮಯದ ಚಿಂತೆ ನಿಮಗಿರಬಹುದು. ಕುಷನ್ ಕೆಲಸಕ್ಕೆ ಹುಡುಗರು ಸಿಗುತ್ತಿಲ್ಲವೆಂದು ಅಂಗಡಿಯವರು ಗೊಣಗುವುದನ್ನು ಕೇಳಿದ್ದೇನೆ. ಕೈಕೆಲಸ ಕಲಿತು ಸ್ವಂತ ಕಾಲ ಮೇಲೆ ನಿಲ್ಲುವವರಿಗಾಗಿ ಉಜಿರೆಯಲ್ಲಿ 1982ರಲ್ಲೇ ರುಡ್‌ಸೆಟ್ ಸಂಸ್ಥೆ ಹುಟ್ಟಿತು. ಆ ಮಾದರಿ ಮುಂದೆ ದೇಶಕ್ಕೆಲ್ಲ ಹಬ್ಬಿತು. ಡಿಪ್ಲೊಮಾ ಓದುವವನು ಸೀಟು ಹೊಲಿಯಬಾರದೆಂದು ಎಲ್ಲಿಯೂ ಬರೆದಿಲ್ಲ.

ಕೆಲಸ ಶುರುಮಾಡಲು ಮಾರ್ಚ್, ಏಪ್ರಿಲ್ ಸರಿಯಾದ ಸಮಯ. ಮೇ ಕೊನೆಗೆ ಸೀಟು ಕಾರಿನೊಳಗೆ ಕೂತಿರಬೇಕು. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಜಿಲ್ಲೆ ನಮ್ಮದು, ಜೂನ್ ಬಂದ ಮೇಲೆ ಅಂಟು ಒಣಗುವುದಿಲ್ಲ, ಫೋಮ್ ತೇವ ಹೀರುತ್ತದೆ. ಮಳೆಗಾಲದಲ್ಲಿ ಶೆಡ್ಡಿನ ಕಾರಿಗೆ ಪ್ಲಾಸ್ಟಿಕ್ ಹೊದಿಸಿ ಕಟ್ಟಿಡುವುದು ಬೇಡ, ಒಳಗೆ ಬೂಷ್ಟು ಬೆಳೆಯಲು ಅದೇ ಸಾಕು. ಕಿಟಕಿಯ ಗಾಜನ್ನು ಬೆರಳಗಲ ಇಳಿಸಿ, ಹತ್ತಿ ಬಟ್ಟೆ ಹೊದಿಸಿಡಿ. ಬಿಸಿಲು ಬಿದ್ದ ದಿನ ಬಾಗಿಲು ತೆರೆದಿಡಿ. ಇಲಿಗೆ ಹೊಸ ಫೋಮ್ ಎಂದರೆ ಬಲು ಪ್ರೀತಿ, ಗಾಜಿನ ಸಂದಿಗೆ ತಂತಿಬಲೆ ಮರೆಯಬೇಡಿ. ಬಿಚ್ಚಿದ ಹಳೆಯ ಹೊದಿಕೆಯನ್ನು ಒರೆಸಿ, ಒಣಗಿಸಿ, ಮಡಿಕೆ ಬೀಳದಂತೆ ಸುರುಳಿ ಸುತ್ತಿ, ತುಂಡುಗಳ ನಂಬರಿನ ಚೀಟಿ ಸಮೇತ ಅಟ್ಟದ ಮೇಲಿಡಿ.